ಘಾನಾದ ಕೋಕೊ, ಕೋಲಾರದ ಟೊಮೆಟೊ: ನೆರವು ಬಿಟ್ಟ ದೇಶ ವ್ಯಾಪಾರದಲ್ಲಿ ನಿಲ್ಲುತ್ತದೆಯೇ?

ಮಂಡಿ ಲೆಕ್ಕಿಗ, ಕೋಲಾರ

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಹನ್ನೊಂದು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ನನ್ನ ಚಿಕ್ಕಪ್ಪನ ಮಗ ಪಶ್ಚಿಮ ಆಫ್ರಿಕಾದ ಘಾನಾದಲ್ಲಿ, ತೇಮಾ ಎಂಬ ಬಂದರು ಪಟ್ಟಣದ ಗೋದಾಮೊಂದರಲ್ಲಿ ಇದೇ ಕೆಲಸ ಮಾಡುತ್ತಾನೆ. ಭಾನುವಾರ ರಾತ್ರಿ ಫೋನಿಗೆ ಸಿಕ್ಕರೆ ಮನೆಯವರ ಸುದ್ದಿ ಐದು ನಿಮಿಷದಲ್ಲಿ ಮುಗಿಯುತ್ತದೆ, ದರದ ಸುದ್ದಿ ಒಂದು ಗಂಟೆ ನಡೆಯುತ್ತದೆ.

ಹೋದ ಭಾನುವಾರ ಅವನು ಹೇಳಿದ್ದು ತಲೆಯಲ್ಲೇ ಕುಳಿತಿದೆ. 2017ರಲ್ಲಿ ಅಲ್ಲಿಯ ಅಧ್ಯಕ್ಷರಾಗಿದ್ದ ನಾನಾ ಅಕುಫೊ-ಅಡೊ ‘ನೆರವಿನಾಚೆಯ ಘಾನಾ’ ಎಂಬ ಘೋಷಣೆ ಕೊಟ್ಟರು. ಹೊರದೇಶಗಳ ದಾನದಲ್ಲಿ ಶಾಲೆ, ಆಸ್ಪತ್ರೆ ನಡೆಸಿದ್ದು ಸಾಕು, ಇನ್ನು ನಾವು ಮಾರುತ್ತೇವೆ ನೀವು ಕೊಳ್ಳಿ ಎಂಬುದು ಅದರ ತಿರುಳು. ಕೇಳುವುದಕ್ಕೆ ಚೆಂದ. ಆದರೆ 2022ರ ಡಿಸೆಂಬರಿನಲ್ಲಿ ಅದೇ ಸರ್ಕಾರ ಹೊರಗಿನ ಬಹುಪಾಲು ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. 2023ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್‌ 300 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ ಆ ಬಾಗಿಲು ತಟ್ಟಿದ್ದು ಅದು 17ನೆಯ ಸಲ. ಇಷ್ಟಾಗುವಾಗ 2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು. ಇವರು ನೆರವು ಬಿಡುತ್ತೇವೆ ಎನ್ನುತ್ತಾ ಕುಳಿತಿದ್ದಾಗ ನೆರವೇ ಎದ್ದು ಹೋಯಿತು.

ಚಿನ್ನ, ಕೋಕೊ, ತೈಲ ಮೂರೂ ಇರುವ ದೇಶ ಮಾರಿ ಬದುಕುವುದಕ್ಕೆ ಏಕೆ ಇಷ್ಟು ಒದ್ದಾಡುತ್ತದೆ? ಪುಸ್ತಕದ ಅರ್ಥಶಾಸ್ತ್ರ ಬೇಡ. ನಮ್ಮ ಜಿಲ್ಲೆಯಲ್ಲೂ ಪಕ್ಕದ ಚಿಕ್ಕಬಳ್ಳಾಪುರದಲ್ಲೂ ಬೆಳೆದು ಮಾರುವವರಿದ್ದೀರಿ, ನೀವು ಹೇಳಿ.

ಹಳೆಯ ಮೇಷ್ಟ್ರು, ಮುಳಬಾಗಿಲು

ನೆರವಿನ ರುಚಿ ನನ್ನ ನಾಲಿಗೆಗೆ ಗೊತ್ತು. 1960ರ ದಶಕದ ಕೊನೆಯಲ್ಲಿ ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮಧ್ಯಾಹ್ನ ಕೇರ್ ಎಂಬ ಅಮೆರಿಕದ ನೆರವಿನ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ಮುತ್ತುಗದ ಎಲೆ ನಾವೇ ತರಬೇಕು. ಸೋಯಾ ಎಣ್ಣೆಯ ವಾಸನೆ ಅಂಗಳಕ್ಕೆ ಬಂದ ಕೂಡಲೇ ಮಗ್ಗಿ ತಪ್ಪುತ್ತಿತ್ತು. ಎಣ್ಣೆ ಬರುತ್ತಿದ್ದ ತಗಡಿನ ಡಬ್ಬದ ಮೇಲೆ ಎರಡು ಕೈಗಳು ಕುಲುಕುತ್ತಿರುವ ಚಿತ್ರ ಇರುತ್ತಿತ್ತು. ಅದು ಅಮೆರಿಕದ ಕೈ ಮತ್ತು ನಮ್ಮ ಕೈ ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ, ಯಾವುದು ಯಾರದು ಎಂದು ಕೇಳಿ ಪೆಟ್ಟು ತಿಂದವನು ನಾನು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದೊಡ್ಡವನಾದ ಮೇಲೆ. 1956ರಲ್ಲಿ ನಾವು ಅಮೆರಿಕದಿಂದ ಧಾನ್ಯ ತರಿಸುವ ಪಿಎಲ್-480 ಒಪ್ಪಂದಕ್ಕೆ ಸಹಿ ಹಾಕಿದೆವು. ಗೋಧಿಗೆ ರೂಪಾಯಿಯಲ್ಲೇ ಹಣ ಕೊಟ್ಟರೆ ಸಾಕಿತ್ತು, ಡಾಲರ್ ಬೇಕಿರಲಿಲ್ಲ. 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟಾಗ 1966ರೊಂದರಲ್ಲೇ ಸುಮಾರು ಒಂದು ಕೋಟಿ ಟನ್ ಧಾನ್ಯ ಹಡಗಿನಲ್ಲಿ ಬಂತು. ಆ ಹೊತ್ತಿಗೆ ಅಮೆರಿಕದ ಅಧ್ಯಕ್ಷ ಜಾನ್ಸನ್ ಹಗ್ಗ ಬಿಗಿ ಹಿಡಿದರು. ಕೃಷಿ ನೀತಿ ಬದಲಾಯಿಸಿ, ವಿಯೆಟ್ನಾಂ ವಿಷಯದಲ್ಲಿ ಬಾಯಿ ಮುಚ್ಚಿ ಎಂಬ ಒತ್ತಡದೊಂದಿಗೆ ತಿಂಗಳಿಗಿಷ್ಟು ಎಂದು ಅಳೆದು ಕಳುಹಿಸಿದರು. ಕೊನೆಗೆ ಇಲ್ಲಿ ರಾಶಿಯಾಗಿದ್ದ ಆ ರೂಪಾಯಿಯಲ್ಲಿ 1,664 ಕೋಟಿಗೆ ಅಮೆರಿಕದ ರಾಯಭಾರಿ ಮೊಯ್ನಿಹಾನ್ 1974ರಲ್ಲಿ ನಮ್ಮ ಸರ್ಕಾರಕ್ಕೆ ಒಂದೇ ಚೆಕ್ ಬರೆದು ಕೊಟ್ಟರು.

ಲೆಕ್ಕಿಗರು ಗಮನಿಸಬೇಕಾದದ್ದು ಇಷ್ಟು: ನಾವು ಆ ಗೋಧಿಯಿಂದ ಬಿಡಿಸಿಕೊಂಡದ್ದು ಏನನ್ನೋ ಮಾರಿ ಅಲ್ಲ. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಗೋಧಿ ತಂದು ಬಿತ್ತಿದೆವು. ಹೊಟ್ಟೆಯ ಅಂಜಿಕೆ ಹೋದ ಮೇಲೆ ವ್ಯಾಪಾರದ ಮಾತು ಬಂತು. (ಕಾಂಗ್ರೆಸ್ ಗಿಡವೂ ಅದೇ ಅಮೆರಿಕದ ಗೋಧಿಯ ಜೊತೆ ಬಂತು ಎಂದು ಊರವರು ಹೇಳುತ್ತಾರೆ. ಅದು ಬೇರೆಯೇ ಜಗಳ, ಇಲ್ಲಿ ಎಳೆಯುವುದಿಲ್ಲ.)

ಲೆಕ್ಕ ಕೇಳುವವನು, ಚಿಂತಾಮಣಿ

ಮೇಷ್ಟ್ರೇ, ಆ ಮೆಕ್ಸಿಕೊ ಗೋಧಿಯ ತಳಿ ಹುಟ್ಟಿದ್ದು ರಾಕ್‌ಫೆಲ್ಲರ್ ಪ್ರತಿಷ್ಠಾನದ ಹಣದಲ್ಲಿ ನಡೆದ ಸಂಶೋಧನೆಯಿಂದ. ಅದೂ ನೆರವೇ ಅಲ್ಲವೇ? ದಕ್ಷಿಣ ಕೊರಿಯಾ 1950ರ ದಶಕದಲ್ಲಿ ಅಮೆರಿಕದ ನೆರವಿನಲ್ಲೇ ಉಸಿರಾಡಿತು, 2010ರಲ್ಲಿ ಸಿರಿವಂತ ದೇಶಗಳ ಕೂಟ ಒಇಸಿಡಿಯ ದಾನಿಗಳ ಸಮಿತಿ ಸೇರಿತು. ನೆರವು ತಿಂದವರೆಲ್ಲ ಕೆಟ್ಟರು ಎನ್ನುವುದು ಸುಮ್ಮನೆ ಮಾತು.

ಹಳೆಯ ಮೇಷ್ಟ್ರು, ಮುಳಬಾಗಿಲು

ಒಪ್ಪಿದೆ. ಉಪ್ಪಿಟ್ಟಿನ ನೆರವು ಬೇರೆ, ಬೀಜದ ನೆರವು ಬೇರೆ ಎಂದು ತಿದ್ದಿಕೊಳ್ಳುತ್ತೇನೆ.

ಬೇಲಿ ಪಕ್ಕದ ಮಾವು, ಶ್ರೀನಿವಾಸಪುರ

ಘಾನಾದವರ ಕಷ್ಟ ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ ಅಣ್ಣ, ನಮ್ಮ ತಾಲ್ಲೂಕಿಗೆ ಬನ್ನಿ. ತೋತಾಪುರಿ ನಮ್ಮದು, ರಸ ತೆಗೆಯುವ ಕಾರ್ಖಾನೆಗಳು ಗಡಿಯಾಚೆ ಚಿತ್ತೂರಿನಲ್ಲಿ. 2025ರ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರಬಾರದು ಎಂದು ಆದೇಶ ಹೊರಡಿಸಿತು. ಅವರ ರೈತರಿಗೆ ದರ ಇಲ್ಲ, ನಮ್ಮ ಕಾಯಿ ಹೋದರೆ ಇನ್ನೂ ಬೀಳುತ್ತದೆ ಎಂಬುದು ಅವರ ವಾದ. ಒಂದು ಕಾಗದದಿಂದ ನಮ್ಮ ಹಂಗಾಮು ಮುಗಿಯಿತು. ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಪತ್ರ ಹೋಗಿ ಬರುವುದರೊಳಗೆ ಕಾಯಿ ಹಣ್ಣಾಯಿತು, ಹಣ್ಣು ಕೊಳೆಯಿತು. ನಾನು ಎರಡು ಟ್ರ್ಯಾಕ್ಟರ್ ಲೋಡನ್ನು ಕೆರೆ ಅಂಗಳಕ್ಕೆ ಸುರಿದು ಬಂದೆ. ಮೂರು ದಿನ ಊರಿಗೆಲ್ಲ ಹುಳಿ ವಾಸನೆ. ಹಸುಗಳೂ ಮೂಸಿ ನೋಡಿ ಹೋದವು.

ಕೋಕೊದಲ್ಲೂ ಇದೇ ಕಥೆ ತಾನೇ? ಬೀಜ ಘಾನಾದ್ದು, ಅರೆಯುವ ಯಂತ್ರ ಆಮ್‌ಸ್ಟರ್‌ಡಾಮಿನದು.

ಮಂಡಿ ಲೆಕ್ಕಿಗ, ಕೋಲಾರ

ಹೌದು ಅಣ್ಣ. ಘಾನಾ ಮತ್ತು ಐವರಿ ಕೋಸ್ಟ್ ಸೇರಿ ಜಗತ್ತಿನ ಕೋಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುತ್ತವೆ. ಜಗತ್ತಿನ ಅತಿ ದೊಡ್ಡ ಕೋಕೊ ಬಂದರು ಮಾತ್ರ ಒಂದೂ ಕೋಕೊ ಗಿಡವಿಲ್ಲದ ಆಮ್‌ಸ್ಟರ್‌ಡಾಮ್. ತೇಮಾದಲ್ಲೂ ಕೋಕೊ ಅರೆಯುವ ಕಾರ್ಖಾನೆಗಳಿವೆ. ಗಾಳಿ ಬಂದರು ಕಡೆಯಿಂದ ಬೀಸಿದಾಗ ರಾತ್ರಿ ಪಾಳಿಯಲ್ಲಿ ಕೋಕೊ ಹುರಿದ ವಾಸನೆಗೆ ಹಸಿವಾಗುತ್ತದೆ ಎಂದು ತಮ್ಮ ಹೇಳುತ್ತಾನೆ. ಆದರೂ ಬೆಳೆಯ ಹೆಚ್ಚಿನ ಪಾಲು ಬೀಜವಾಗಿಯೇ ಹೊರಗೆ ಹೋಗುತ್ತದೆ.

ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ವಿಷಯ. ಅಲ್ಲಿ ಕೋಕೊ ಕೊಳ್ಳುವುದಕ್ಕೆ ಕೋಕೊಬೋರ್ಡ್ ಎಂಬ ಸರ್ಕಾರಿ ಮಂಡಳಿ ಇದೆ. ಹಂಗಾಮಿಗೆ ಮೊದಲೇ ರೈತನ ದರ ನಿಗದಿ ಮಾಡುವುದು ಅದೇ. ರೈತರಿಗೆ ಕೊಡಲು ಅದರ ಬಳಿ ನಗದು ಬೇಕಲ್ಲ, ಅದಕ್ಕಾಗಿ 1990ರ ದಶಕದ ಆರಂಭದಿಂದ ಪ್ರತಿ ವರ್ಷ ಹೊರದೇಶದ ಬ್ಯಾಂಕುಗಳ ಕೂಟದಿಂದ ಸಾಲ ಎತ್ತುತ್ತಿತ್ತು. ಅಡಮಾನ ಏನು? ಇನ್ನೂ ಮರದಲ್ಲಿರುವ ಕಾಯಿ. ಕೊಯ್ಲಿಗೆ ಮೊದಲೇ ಬಹುಪಾಲು ಬೆಳೆಯನ್ನು ಇಷ್ಟು ದರಕ್ಕೆ ಎಂದು ಮಾರಿ, ಆ ಒಪ್ಪಂದದ ಕಾಗದವನ್ನು ಬ್ಯಾಂಕಿಗೆ ಕೊಡುವುದು.

ಇದನ್ನು ಕೇಳಿದಾಗ ನನ್ನ ಮೇಜಿನ ಮೇಲಿರುವ ಕೆಂಪು ರಟ್ಟಿನ ಪುಸ್ತಕ ನೆನಪಾಯಿತು. ಅದು ಮುಂಗಡದ ಪುಸ್ತಕ. ನಾಟಿ ಸಮಯದಲ್ಲಿ ರೈತ ಬರುತ್ತಾನೆ. ಸಸಿಗೆ, ಕೋಲಿಗೆ, ಔಷಧಿಗೆ ಎಂದು ಮಾಲೀಕರು ಹಣ ಕೊಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಬಡ್ಡಿ ಇಲ್ಲ. ಆದರೆ ಹಣ್ಣು ನಮ್ಮ ಮಂಡಿಗೇ ಬರಬೇಕು. ಪಕ್ಕದ ಮಂಡಿಯಲ್ಲಿ ಬಾಕ್ಸಿಗೆ 50 ರೂಪಾಯಿ ಹೆಚ್ಚು ಕೂಗಿದರೂ ಅವನು ನಮ್ಮ ಕಟ್ಟೆಯ ಮೇಲೇ ನಿಂತು ಆ ಕೂಗನ್ನು ಕೇಳಿಸಿಕೊಳ್ಳಬೇಕು. ಎಷ್ಟೋ ಸಲ ಆ ಮುಖಗಳನ್ನು ನೋಡಲಾಗದೆ ಪುಸ್ತಕದಲ್ಲಿ ತಲೆ ತಗ್ಗಿಸಿದ್ದೇನೆ.

2024ರಲ್ಲಿ ಕೋಕೊ ದರ ಹಿಂದೆಂದೂ ಇಲ್ಲದಂತೆ ಟನ್ನಿಗೆ 10,000 ಡಾಲರ್ ದಾಟಿತು. ಆಗ ಘಾನಾದ ಬೆಳೆ ಹಳೆಯ ದರಕ್ಕೆ ಆಗಲೇ ಮಾರಾಟವಾಗಿತ್ತು. ರೋಗ, ಹವಾಮಾನ, ಕೋಕೊ ತೋಟಗಳನ್ನೇ ಅಗೆದು ಚಿನ್ನ ಹುಡುಕುವ ಕಳ್ಳ ಗಣಿಗಳು ಎಲ್ಲ ಸೇರಿ ಬೆಳೆಯೂ ಕುಸಿದಿತ್ತು. ಒಪ್ಪಿಕೊಂಡಷ್ಟು ಬೀಜ ಕೊಡುವುದಕ್ಕೂ ಆಗಲಿಲ್ಲ. ರೈತರು ಮೂಟೆಗಳನ್ನು ಗಡಿಯಾಚೆ ಟೋಗೊ, ಐವರಿ ಕೋಸ್ಟ್‌ಗೆ ಕಳ್ಳದಾರಿಯಲ್ಲಿ ಸಾಗಿಸಿದರು. 2024–25ರ ಹಂಗಾಮಿಗೆ ಮಂಡಳಿ ಆ ಹೊರಗಿನ ಸಾಲವನ್ನು ಕೈಬಿಟ್ಟಿತು. ಮೂವತ್ತಕ್ಕೂ ಹೆಚ್ಚು ವರ್ಷಗಳ ಮುಂಗಡ ಪುಸ್ತಕ ಅದು.

ನೆರವು, ವ್ಯಾಪಾರ ಎಂದು ಎರಡು ಮಾತಿನಲ್ಲಿ ಜಗಳವಾಡುತ್ತೇವೆ. ಮುಂಗಡ ಎಂಬ ಮೂರನೆಯದನ್ನು ಯಾರೂ ಎತ್ತುವುದಿಲ್ಲ.

ಲೆಕ್ಕ ಕೇಳುವವನು, ಚಿಂತಾಮಣಿ

ಮುಂಗಡ ಕೊಡುವವನೇ ಖಳನಾಯಕ ಎಂದರೆ ಹೇಗೆ? ಬ್ಯಾಂಕ್ ಕೊಡದಿದ್ದಾಗ ನಿಮ್ಮ ಮಾಲೀಕರು ಕೊಟ್ಟರು. ದರ ಬಿದ್ದ ವರ್ಷ ಆ ಹಣ ಮುಳುಗುವುದೂ ಉಂಟು.

ಮಂಡಿ ಲೆಕ್ಕಿಗ, ಕೋಲಾರ

ಮುಳುಗುವುದುಂಟು. ಮುಳುಗಿದ್ದನ್ನು ಮುಂದಿನ ವರ್ಷದ ಪುಟಕ್ಕೆ ಎತ್ತಿ ಬರೆಯುವವನೂ ನಾನೇ.

ಡಬ್ಬಿ ಅಕ್ಕ, ಬಂಗಾರಪೇಟೆ

ನಾನು ಆಹಾರ ತಂತ್ರಜ್ಞಾನ ಓದಿ ಹಣ್ಣಿನ ಸಂಸ್ಕರಣಾ ಘಟಕವೊಂದರಲ್ಲಿ ಗುಣಮಟ್ಟ ನೋಡುತ್ತೇನೆ. ‘ಕಾರ್ಖಾನೆ ಹಾಕಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಘಾನಾದಲ್ಲಿ ಕೋಕೊ ಮಾತ್ರವಲ್ಲ, ಟೊಮೆಟೊ ಕಥೆಯೂ ಇದೆ. ಅವರ ಸಾರಿಗೆಲ್ಲ ಟೊಮೆಟೊ ಬೇಕು. ದೇಶದ ಉತ್ತರದಲ್ಲಿ ಪ್ವಾಲುಗು ಎಂಬಲ್ಲಿ 1960ರ ದಶಕದ ಯೋಜನೆಯ ಟೊಮೆಟೊ ಕಾರ್ಖಾನೆ ಇತ್ತು. ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಈಗ ಹಸಿ ಹಣ್ಣು ಬುರ್ಕಿನಾ ಫಾಸೊದಿಂದ ಲಾರಿಯಲ್ಲಿ ಬರುತ್ತದೆ, ಪೇಸ್ಟ್ ಚೀನಾ ಮತ್ತು ಇಟಲಿಯಿಂದ ಡಬ್ಬದಲ್ಲಿ ಬರುತ್ತದೆ.

ಏಕೆ ಹೀಗೆ ಎಂದರೆ ನಮ್ಮ ಮಂಡಿಯ ಲೆಕ್ಕವನ್ನೇ ನೋಡಿ. ಹಸಿ ಹಣ್ಣಿನಲ್ಲಿ ಕರಗಿದ ಘನಾಂಶ ನೂರಕ್ಕೆ ನಾಲ್ಕೂವರೆಯಷ್ಟು, ಪೇಸ್ಟಿನಲ್ಲಿ 28 ಇರಬೇಕು. ಎಂದರೆ ಒಂದು ಕಿಲೊ ಪೇಸ್ಟಿಗೆ ಆರು ಕಿಲೊಗಿಂತ ಹೆಚ್ಚು ಹಣ್ಣು ಬೇಕು. ನಿಮ್ಮ 15 ಕಿಲೊ ಬಾಕ್ಸಿನಿಂದ ಹೆಚ್ಚೆಂದರೆ ಎರಡೂವರೆ ಕಿಲೊ ಪೇಸ್ಟ್. ಉಳಿದದ್ದೆಲ್ಲ ನೀರು, ಅದನ್ನು ಆವಿ ಮಾಡುವುದಕ್ಕೆ ಉರುವಲು ಸುಡಬೇಕು. ಬಾಕ್ಸಿಗೆ 100 ರೂಪಾಯಿ ಇದ್ದಾಗ ಒಂದು ಕಿಲೊ ಪೇಸ್ಟಿನ ಹಣ್ಣಿನ ಖರ್ಚೇ 40 ರೂಪಾಯಿ. 2023ರ ಜುಲೈನಲ್ಲಿ ಇದೇ ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಅದು 800 ರೂಪಾಯಿ! ಆಗ ಯಾವ ರೈತ ತಾನೇ ಕಾರ್ಖಾನೆಯ ಗೇಟಿಗೆ ಹಣ್ಣು ತರುತ್ತಾನೆ? ತರಬೇಕೆಂದು ನಾನೂ ಹೇಳಲಾರೆ. ಜೊತೆಗೆ ನಾವು ಬೆಳೆಯುವುದು ದೂರದ ಲಾರಿ ಪ್ರಯಾಣಕ್ಕೆ ತಾಳುವ ಗಟ್ಟಿ ಸಿಪ್ಪೆಯ ತಳಿ. ಪೇಸ್ಟಿಗೆ ತಿರುಳು ಹೆಚ್ಚಿರುವ, ಒಟ್ಟಿಗೆ ಹಣ್ಣಾಗುವ ಬೇರೆ ತಳಿ ಬೇಕು. ಸರ್ಕಾರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಕೋಲಾರಕ್ಕೆ ಟೊಮೆಟೊ ಎಂದು ಬರೆದಾಯಿತು. ಹೊಲದಲ್ಲಿ ತಳಿ ಬದಲಾಗದೆ ಫಲಕ ಬದಲಾದರೆ ಏನು ಬಂತು?

ಘಾನಾದವರೂ ಇದೇ ಗುಂಡಿಗೆ ಬಿದ್ದರು. ಕಾರ್ಖಾನೆಯನ್ನು ಮೊದಲು ಕಟ್ಟಿ ಹಣ್ಣನ್ನು ಆಮೇಲೆ ಹುಡುಕಿದರು.

ಬೇಲಿ ಪಕ್ಕದ ಮಾವು, ಶ್ರೀನಿವಾಸಪುರ

ಅಕ್ಕ, ನಿಮ್ಮ ಲೆಕ್ಕ ಸರಿ. ಆದರೂ ಗಡಿಯ ಈಚೆ ನಾಲ್ಕು ರಸದ ಕಾರ್ಖಾನೆ ಇದ್ದಿದ್ದರೆ ನಾನು ಟ್ರ್ಯಾಕ್ಟರನ್ನು ಕೆರೆ ಅಂಗಳಕ್ಕೆ ತಿರುಗಿಸುತ್ತಿರಲಿಲ್ಲ.

ಡಬ್ಬಿ ಅಕ್ಕ, ಬಂಗಾರಪೇಟೆ

ಮಾವಿಗೆ ಅದು ನಿಜ. ತೋತಾಪುರಿ ರಸಕ್ಕೆಂದೇ ಬೆಳೆಯುವ ಹಣ್ಣು. ಟೊಮೆಟೊ ಮತ್ತು ಮಾವನ್ನು ಒಂದೇ ತಕ್ಕಡಿಯಲ್ಲಿ ಹಾಕಬಾರದಿತ್ತು, ನನ್ನ ತಪ್ಪು.

ನೂಲುಗಾರ, ಶಿಡ್ಲಘಟ್ಟ

ನೆರವು ಮತ್ತು ವ್ಯಾಪಾರ ಎರಡನ್ನೂ ಒಂದೇ ಜನ್ಮದಲ್ಲಿ ಕಂಡವರು ನಾವು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ರೇಷ್ಮೆ ಯೋಜನೆ ಬಂತು. 1991ರಿಂದ ಜಪಾನ್ ಸರ್ಕಾರದ ನೆರವಿನ ಸಂಸ್ಥೆ ಜೈಕಾದವರು ಮೈಸೂರಿನ ಸಂಶೋಧನಾ ಕೇಂದ್ರದ ಜೊತೆ ಸೇರಿ ದ್ವಿತಳಿ ಹುಳು ಸಾಕುವುದನ್ನು ಕಲಿಸಿದರು. ನನ್ನ ಭಾವನ ಹುಳು ಮನೆಗೆ ಜಪಾನಿನ ತಜ್ಞರೊಬ್ಬರು ಬಂದು, ಚಪ್ಪಲಿ ಹೊರಗೆ ಬಿಟ್ಟು, ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ಕಲಿಸಿದ್ದು ಇಂದಿಗೂ ಅನ್ನ ಹಾಕುತ್ತಿದೆ.

2011ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 30ರಿಂದ 5 ಪ್ರತಿಶತಕ್ಕೆ ಇಳಿಸಿತು. ಚೀನಾದ ನೂಲು ಒಳಗೆ ಬಂದದ್ದೇ ತಡ, ಗೂಡಿನ ದರ ನೆಲ ಕಚ್ಚಿತು. ಆ ವಾರ ಗೂಡಿನ ಮಾರುಕಟ್ಟೆಯಲ್ಲಿ ಲಾಟ್ ಮುಂದೆ ನಿಂತ ರೈತರೂ ಅಳುತ್ತಿದ್ದರು, ಕೊಳ್ಳಬೇಕಾದ ನಾವೂ ದುಡ್ಡು ಹಿಡಿದುಕೊಂಡು ಹೆದರಿ ನಿಂತಿದ್ದೆವು. ಇಂದು ಕೊಂಡು ಬಿಚ್ಚಿದ ನೂಲಿಗೆ ನಾಳೆ ಏನು ದರವೋ! ನಡುವೆ ಸುಂಕ ಬದಲಾಗಿ 10ಕ್ಕೆ ಬಂದಿತ್ತು, ಹತ್ತು ವರ್ಷದ ಬಳಿಕ, 2021ರ ಬಜೆಟ್ಟಿನಲ್ಲಿ, ಅದನ್ನು 15ಕ್ಕೆ ಏರಿಸಿದರು. ಸುಂಕ ಏರಿಳಿದರೂ ಅದನ್ನು ಏರಿಸುವ ಕೈ ನಮ್ಮ ದೇಶದ್ದೇ ಆಗಿತ್ತು. ಬೀದಿಗಿಳಿದು ಕೂಗಿದರೆ ದೆಹಲಿಗೆ ಕೇಳಿಸುತ್ತಿತ್ತು.

ಘಾನಾದಲ್ಲಿ 2003ರಲ್ಲಿ ಸಂಸತ್ತೇ ಕಾನೂನು ಮಾಡಿ ಹೊರಗಿನ ಕೋಳಿ ಮಾಂಸದ ಸುಂಕವನ್ನು 20ರಿಂದ 40ಕ್ಕೆ ಏರಿಸಿತ್ತು. ಯುರೋಪಿನ ಅಗ್ಗದ ಕೋಳಿ ಬಂದು ಅವರ ಕೋಳಿ ಸಾಕಣೆ ಮುಳುಗುತ್ತಿತ್ತು. ಐಎಂಎಫ್‌ ಮುಖ ಸಿಂಡರಿಸಿತು, ಕಾನೂನು ಮೂಲೆಗೆ ಬಿತ್ತು. ಅವರು ಯಾರ ಮುಂದೆ ಕೂಗಬೇಕು?

ಸಿಸ್ಟರ್, ಮಾಲೂರು

ನಿವೃತ್ತ ನರ್ಸ್ ನಾನು. ದರ, ಸುಂಕ ನನಗೆ ತಿಳಿಯದು. 2025ರ ಆರಂಭದಲ್ಲಿ ಯುಎಸ್‌ಏಡ್ ನಿಂತಾಗ ಘಾನಾಕ್ಕೆ ಸುಮಾರು 15.6 ಕೋಟಿ ಡಾಲರ್ ಖೋತಾ ಆಯಿತು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಲೇರಿಯಾ, ಎಚ್‌ಐವಿ, ತಾಯಿ ಮಗುವಿನ ಆರೋಗ್ಯದ ಹಣ. ಮಲೇರಿಯಾ ಜ್ವರದಲ್ಲಿ ಮಗು ನಡುಗುತ್ತಿರುವಾಗ ಅದರ ತಾಯಿಗೆ ‘ನಾವೀಗ ನೆರವಿನಾಚೆಗೆ ಹೋಗಿದ್ದೇವೆ’ ಎಂದು ಹೇಳುವವರು ಯಾರು? ನೆರವನ್ನು ಒಮ್ಮೆಲೇ ಕಿತ್ತುಕೊಳ್ಳುವುದು, ಡ್ರಿಪ್ ಸೂಜಿಯನ್ನು ಎಳೆದು ಬಿಸಾಡಿದ ಹಾಗೆ. ಇದನ್ನು ಮರೆತು ಹೆಮ್ಮೆಯ ಮಾತು ಆಡಬೇಡಿ.

ಮಂಡಿ ಲೆಕ್ಕಿಗ, ಕೋಲಾರ

ಅಕ್ಕ, ಅದು ನನಗೆ ಹೊಳೆದಿರಲಿಲ್ಲ. ತಮ್ಮನಿಗೆ ಹೋದ ವರ್ಷ ಎರಡು ಸಲ ಮಲೇರಿಯಾ ಬಂದಿತ್ತು.

ಮೂರನೇ ತಲೆಮಾರು, ಕೆಜಿಎಫ್

ತೇಮಾ ಎಂಬ ಹೆಸರು ನೋಡಿ ಬರೆಯುತ್ತಿದ್ದೇನೆ. ಅಲ್ಲಿ ಅಲ್ಯೂಮಿನಿಯಂ ಕರಗಿಸುವ ವಾಲ್ಕೊ ಎಂಬ ಕಾರ್ಖಾನೆ ಇದೆ. ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟು ಕಟ್ಟಿದ್ದೇ ಮುಖ್ಯವಾಗಿ ಅದಕ್ಕೆ ವಿದ್ಯುತ್ ಕೊಡಲು. ವಿಶ್ವಬ್ಯಾಂಕ್, ಅಮೆರಿಕ, ಬ್ರಿಟನ್ ಸಾಲ ಕೊಟ್ಟವು. ಕಾರ್ಖಾನೆ ಅಮೆರಿಕದ ಕೈಸರ್ ಕಂಪನಿಯ ಕೈಯಲ್ಲಿ, ವಿದ್ಯುತ್ತಿಗೆ ಅಗ್ಗದ ದರ. ಘಾನಾದ ಮಣ್ಣಿನಲ್ಲೇ ಅಲ್ಯೂಮಿನಿಯಂ ಅದಿರು ಬಾಕ್ಸೈಟ್ ಇದ್ದರೂ ಅದು ಹಡಗು ಹತ್ತಿ ಹೊರಗೆ ಹೋಗುತ್ತಿತ್ತು, ಆ ಅದಿರಿನಿಂದ ತೆಗೆದು ಕರಗಿಸುವ ಅಲ್ಯೂಮಿನಾ ಪುಡಿ ಹೊರಗಿನಿಂದ ಬರುತ್ತಿತ್ತು. ಘಾನಾದ ಮೊದಲ ಅಧ್ಯಕ್ಷ ಎನ್‌ಕ್ರೂಮಾ 1966ರ ಜನವರಿಯಲ್ಲಿ ಅಣೆಕಟ್ಟು ಉದ್ಘಾಟಿಸಿದರು, ಫೆಬ್ರವರಿಯಲ್ಲಿ ಸೇನೆ ಅವರನ್ನು ಇಳಿಸಿತು.

ನಮ್ಮಲ್ಲಿ 1880ರಲ್ಲಿ ಚಿನ್ನ ತೆಗೆಯಲು ಬ್ರಿಟನ್ನಿನ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಶಾಲೆಯಲ್ಲಿ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದೆವು. ತಂತಿ ಬಂದದ್ದು ಗಣಿಗೆ. ನಮ್ಮಜ್ಜ ಚಾಂಪಿಯನ್ ರೀಫ್‌ನಲ್ಲಿ ಇಳಿಯುತ್ತಿದ್ದರು, ಅವರ ಲೈನ್ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದದ್ದು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡ. ಬೇಸಿಗೆಯ ಗಾಳಿಗೆ ಅದರ ಧೂಳು ಇಂದಿಗೂ ಮನೆಯ ತಟ್ಟೆಗೆ ಬೀಳುತ್ತದೆ.

ಘಾನಾದವರು 2025ರಲ್ಲಿ ಗೋಲ್ಡ್‌ಬೋಡ್ ಎಂಬ ಮಂಡಳಿ ಮಾಡಿ, ಸಣ್ಣ ಗಣಿಗಳ ಚಿನ್ನವನ್ನು ಸ್ಥಳೀಯವಾಗಿ ಕೊಳ್ಳುವ ವ್ಯಾಪಾರದಿಂದ ವಿದೇಶಿಯರು ಏಪ್ರಿಲ್ 30ರೊಳಗೆ ಹೊರಡಬೇಕು ಎಂದರು. ಕೋಕೊ ಮಂಡಳಿಯ ಕಥೆ ಓದಿದ ಮೇಲೆ ಇನ್ನೊಂದು ಮಂಡಳಿ ಎಂದರೆ ನನಗೆ ನಂಬಿಕೆ ಕಡಿಮೆ. ಆದರೂ ನಮ್ಮಜ್ಜನ ಕಾಲದಲ್ಲಿ ಮೈಸೂರಿನವರು ಯಾರಾದರೂ ಹೀಗೆ ಹೇಳಿದ್ದರೆ ಎಂದು ಅನ್ನಿಸಿದ್ದು ಸುಳ್ಳಲ್ಲ.

ಹೊಸಬ, ಗೌರಿಬಿದನೂರು

ಭಾರತ ಬಡ ದೇಶಗಳ ಸರಕಿಗೆ 2008ರಿಂದ ಸುಂಕ ವಿನಾಯಿತಿ ಕೊಡುತ್ತಿದೆಯಲ್ಲ, ಘಾನಾ ನಮಗೇ ಮಾರಬಹುದು.

ಲೆಕ್ಕ ಕೇಳುವವನು, ಚಿಂತಾಮಣಿ

ಆ ವಿನಾಯಿತಿ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿರುವವರಿಗೆ. ಘಾನಾ ಆ ಪಟ್ಟಿಯಲ್ಲಿ ಇಲ್ಲ. ಇನ್ನು ನಾವೇನು ಧರ್ಮರಾಯರಲ್ಲ. ಘಾನಾದ ರಾಜಧಾನಿ ಅಕ್ರಾದ ಅಧ್ಯಕ್ಷರ ಭವನ ಕಟ್ಟಿದ್ದು ಭಾರತ ಕೊಟ್ಟ ಸಾಲದಲ್ಲಿ. ಇಂಥ ಸಾಲಗಳಲ್ಲಿ ಸರಕು ಮತ್ತು ಸೇವೆಯ ಹೆಚ್ಚಿನ ಪಾಲನ್ನು ಭಾರತದಿಂದಲೇ ಕೊಳ್ಳಬೇಕೆಂಬ ಷರತ್ತು ಸಾಮಾನ್ಯ. ನಿಮ್ಮ ಮಾಲೀಕರ ಕೆಂಪು ಪುಸ್ತಕ ದೆಹಲಿಯಲ್ಲೂ ಒಂದು ಇದೆ ಲೆಕ್ಕಿಗರೇ.

ಮಂಡಿ ಲೆಕ್ಕಿಗ, ಕೋಲಾರ

ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಎಲ್ಲ ಉತ್ತರಗಳನ್ನೂ ತಮ್ಮನಿಗೆ ಓದಿ ಹೇಳಿದೆ. ಕೋಳಿಯ ವಿಷಯ ಕೇಳಿ ನಕ್ಕ. ತೇಮಾದ ಶೈತ್ಯಾಗಾರಗಳಲ್ಲಿ ಇರುವುದು ಹೆಚ್ಚಾಗಿ ಹಡಗಿನ ಕೋಳಿಯೇ, ತಾನೂ ಅದನ್ನೇ ತಿನ್ನುತ್ತೇನೆ ಎಂದ. ಮೇಷ್ಟ್ರ ಎಣ್ಣೆ ಡಬ್ಬದ ಮಾತು ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ಅಲ್ಲಿಯ ಸಂತೆಯಲ್ಲಿ ಮೆಕ್ಕೆಜೋಳ, ಅಲಸಂದೆ ಎಲ್ಲವನ್ನೂ ಡಬ್ಬದಲ್ಲೇ ಅಳೆದು ಮಾರುತ್ತಾರೆ. ದೊಡ್ಡ ಡಬ್ಬಕ್ಕೆ ‘ಒಲೊಂಕಾ’ ಎಂದು ಹೆಸರು. ಇನ್ನೊಂದು ಅಳತೆಗೆ ‘ಅಮೆರಿಕನ್ ಟಿನ್’ ಎನ್ನುತ್ತಾರೆ. ಆ ಹೆಸರು ಏಕೆ ಬಂತು ಎಂದು ಮಾರುವ ಹೆಂಗಸನ್ನು ಕೇಳಿದ್ದಕ್ಕೆ, ಕೊಳ್ಳುವುದಾದರೆ ಕೊಳ್ಳಿ ಎಂದಳಂತೆ.

ಹಳೆಯ ಮೇಷ್ಟ್ರು, ಮುಳಬಾಗಿಲು

ನಮ್ಮ ಮನೆಯಲ್ಲಿ ಆ ಡಬ್ಬ ಇನ್ನೂ ಇದೆ. ಮೇಲ್ಭಾಗ ಕತ್ತರಿಸಿ ಅಂಚು ಮಡಚಿಸಿದ್ದೇವೆ, ಕೈ ಕುಲುಕುವ ಚಿತ್ರ ತಿಕ್ಕಿ ತಿಕ್ಕಿ ಅರ್ಧ ಹೋಗಿದೆ. ನಮ್ಮ ಮನೆಯವರು ರಾಗಿ ಮಿಲ್ಲಿಗೆ ಹಾಕುವಾಗ ಅದರಲ್ಲೇ ಅಳೆಯುತ್ತಾರೆ. ಇವತ್ತು ಬೆಳಿಗ್ಗೆ ಎರಡು ಡಬ್ಬ ಹಾಕಿದರು.